ಗೆರೆಯಾಚೆಯ ಸಾಲಿ

ಮೊನ್ನೆ ಪಕ್ಕದ ಮನೆಯ ಸೊಸೆ ಕೂಸಿನ ಎದೆಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಳು. ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ಮೋಟು. ಬಿಸಿಲಿಗೆ ಕಾಲು ಚಾಚಿ ಕೂತಿದ್ದ ನನ್ನ ಮೂಗಿಗೆ ಆ ವಾಸನೆ ಬಂದು ಬಡಿಯಿತು. ನಿಮಗೆ ಆ ವಾಸನೆ ಬಂದರೆ ನೆಗಡಿ ನೆನಪಾಗಬಹುದು, ಕಂಬಳಿ ನೆನಪಾಗಬಹುದು. ನನಗೆ ಸಾಲಿ ನೆನಪಾಗುತ್ತದೆ. ನನ್ನ ಮಾತು ಕೇಳಿ ಆ ಸೊಸೆ ನಕ್ಕಳು. ಎಪ್ಪತ್ತು ದಾಟಿದ ಮುದುಕಿ ಏನಾದರೂ ಹೇಳುತ್ತಾಳೆ, ನಕ್ಕರಾಯಿತು. ಆದರೆ ನೀವು ಸ್ವಲ್ಪ ಕೂತು ಕೇಳಿ. ಆ ಸಾಲಿ ನಡೆದದ್ದು ಒಂದೇ ವಾರ, ನಮ್ಮ ಮನೆಯ ಪಡಸಾಲೆಯಲ್ಲಿ. ಕಲಿಸಿದವಳು ನಮ್ಮವ್ವ. ಆಕೆಗೆ ಓದಲು ಬರುತ್ತಿರಲಿಲ್ಲ.

ನಾವಿದ್ದದ್ದು ಬಸವನ ಬಾಗೇವಾಡಿಯಲ್ಲಿ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಎರಡು ಮೂರು ವರ್ಷ ಆಗಿರಬೇಕು. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಅಕ್ಕ ಶಾಂತಾಗೆ ಹನ್ನೊಂದು ವರ್ಷ, ನನಗೆ ಎಂಟು, ತಮ್ಮ ಬಸೂಗೆ ಐದು. ಎಲ್ಲರಿಗಿಂತ ಸಣ್ಣವನು ಮಲ್ಲು, ಎರಡು ತುಂಬಿರಲಿಲ್ಲ. ಅವ್ವನಿಗೆ ಕೆಮ್ಮು ಹತ್ತಿ ಬಹಳ ದಿನ ಆಗಿತ್ತು. ಎದೆಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು, ಕಷಾಯ ಕುಡಿದು ತಳ್ಳಿಕೊಂಡು ಬಂದಿದ್ದಳು. ಕೊನೆಗೆ ವಿಜಾಪುರದ ಡಾಕ್ಟರರು ಕ್ಷಯ ಎಂದರು. ಮೀರಜಿನ ದವಾಖಾನೆಯಲ್ಲಿ ಮುಂದಿನ ವಾರ ಹಾಸಿಗೆ ಸಿಗುತ್ತದೆ, ಅಲ್ಲಿಯತನಕ ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದು ಹೇಳಿ ಕಳಿಸಿದರು.

ಅಪ್ಪ ಪಡಸಾಲೆಯ ಒಂದು ಮೂಲೆಗೆ ಮಂಚ ಹಾಕಿಸಿದ. ಅದರ ಮುಂದೆ ಗೋಡೆಯಿಂದ ಗೋಡೆಗೆ ಸುಣ್ಣದ ಗೆರೆ ಎಳೆದ. ಆಚೆ ಅವ್ವ, ಈಚೆ ನಾವು. ನಮಗೆ ಅದೊಂದು ಹೊಸ ಆಟ. ಬಸೂ ಗೆರೆಯ ಮೇಲೆ ಉದ್ದಕ್ಕೆ ಮಲಗಿ, "ನಾ ಈಗ ಯಾವ ಕಡೆ ಅದೇನಿ?" ಎಂದು ಕೇಳಿ ಅಪ್ಪನ ಕೈಯಿಂದ ಪೆಟ್ಟು ತಿಂದ.

ಮರುದಿನ ನಾವು ಪಾಟಿ ಹಿಡಿದು ಸಾಲೆಗೆ ಹೊರಟಾಗ ಅವ್ವ ಅಪ್ಪನನ್ನು ಕರೆದಳು.

"ಈ ಒಂದ ವಾರ ಹುಡುಗರ ಸಾಲಿ ಬಿಡಸ್ರಿ. ನಾ ಮನ್ಯಾಗ ಕಲಸ್ತೇನಿ."

"ನೀ? ನಿನಗ ಸಹಿ ಮಾಡಾಕ ಬರೂದಿಲ್ಲ, ಏನ ಕಲಸ್ತಿ?" ಅಪ್ಪ ನಗಲು ನೋಡಿದ.

"ಅಕ್ಷರ ಮಾಸ್ತರು ಕಲಸ್ಲಿ. ನನ್ನ ಪಾಠ ಬ್ಯಾರೆ ಅದಾವ."

ಅಪ್ಪ ರುಮಾಲು ಸುತ್ತಿಕೊಂಡು ಅಂಗಡಿಗೆ ಹೋದ. ನಾವು ಪಾಟಿ ಬಿಸಾಕಿ ಕುಣಿದೆವು.

ಅಕ್ಕನ ಪಾಠ ಬೆಳಿಗ್ಗೆ, ಒಲೆಯ ಮುಂದೆ. ಅಡುಗೆಮನೆಗೆ ಬರುವಂತಿಲ್ಲದ ಅವ್ವ ಮಂಚದ ಮೇಲಿಂದಲೇ ರೊಟ್ಟಿ ಬಡಿಯಲು ಕಲಿಸಿದಳು. ಬಡಿಯುವ ಸಪ್ಪಳ ಕೇಳಿದರೆ ಸಾಕು, ಆಕೆಗೆ ರೊಟ್ಟಿ ಕಣ್ಣಿಗೆ ಕಂಡಂತೆ. "ಶಾಂತಾ, ದಂಡಿ ದಪ್ಪ ಉಳೀತು. ಅಂಗೈ ತಿರುಗಿಸಿ ಬಡಿ" ಎಂದು ಕೂಗುತ್ತಿದ್ದಳು. ಅಕ್ಕ ನೋಡಿದರೆ ಅಂಚು ಖರೆನೇ ದಪ್ಪ ಇರುತ್ತಿತ್ತು. ಕೈ ಸುಟ್ಟುಕೊಂಡು ಅಕ್ಕ ಅತ್ತಾಗ, "ಅಳು, ಆದ್ರ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿ ಅಳು" ಎಂದಳು. ಹೀಗೆ ಹೇಳುವ ಅವ್ವ ನಮಗೆ ಹೊಸಬಳು. ಮೊದಲು ಆಕೆ ಅಕ್ಕನಿಗೆ ಬಿಸಿ ಪಾತ್ರೆ ಮುಟ್ಟಲೂ ಬಿಡುತ್ತಿರಲಿಲ್ಲ.

ಬಸೂನ ಪಾಠ ಚಡ್ಡಿಯ ಲಾಡಿ ಕಟ್ಟುವುದು. ಎಳೆದರೆ ಬಿಚ್ಚುವ ಗಂಟು ಹಾಕಲು ಕಲಿಯಬೇಕಾಗಿತ್ತು. ಅವ್ವ ತನ್ನ ಸೆರಗಿನ ಅಂಚಿನಲ್ಲಿ ಗಂಟು ಹಾಕಿ ತೋರಿಸುವಳು, ಇವನು ನೋಡಿ ಹಾಕಬೇಕು. ಇವನು ಹಾಕಿದ್ದು ದೇವರು ಬಂದರೂ ಬಿಚ್ಚದ ಗಂಟು. ಅವಸರವಾದಾಗ ಬಿಚ್ಚಲು ಬರದೆ ಚಡ್ಡಿಯಲ್ಲೇ ಆಗಿಹೋಗಿ ಅಂಗಳದ ತುಂಬ ನಗೆಯೋ ನಗೆ. ಅವ್ವ ನಗುತ್ತ ಕೆಮ್ಮಿದಳು, ಕೆಮ್ಮುತ್ತ ಮುಖಕ್ಕೆ ಸೆರಗು ಒತ್ತಿಕೊಂಡಳು.

ನನ್ನ ಪಾಠ ಯಾವ ಸಾಲೆಯಲ್ಲೂ ಇರಲಿಕ್ಕಿಲ್ಲ. ನಾನು ಬಹಳ ಸೆಟಗೊಳ್ಳುವ ಹುಡುಗಿ. ಯಾರಾದರೂ ಒಂದು ಮಾತು ಅಂದರೆ ಸಾಕು, ಜೋಳದ ಚೀಲಗಳ ಸಂದಿಯಲ್ಲಿ ಹೋಗಿ ಕೂತುಬಿಡುತ್ತಿದ್ದೆ. ಅವ್ವ ಬಂದು ರಮಿಸಿ, ಬೆಲ್ಲ ಕೊಟ್ಟು, ಎತ್ತಿಕೊಂಡು ಹೋದರಷ್ಟೇ ಊಟ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲಿರಲಿಲ್ಲ. ಮದುವೆಯಾದ ಮೇಲೂ ಕೆಲವು ಸಲ ಪ್ರಯೋಗ ಮಾಡಿ ನೋಡಿದ್ದುಂಟು, ನಮ್ಮ ಯಜಮಾನರು ಒಂದು ಸಲವೂ ಗಮನಿಸಲಿಲ್ಲ. ಆ ವಾರ ಅವ್ವ ಬೇಕೆಂದೇ ನನ್ನನ್ನು ಕೆಣಕುತ್ತಿದ್ದಳು. "ಏನ ಮೂಗವಾ ಇದು, ಮುಳಗಾಯಿ ಅಂಟಿಸಿದಂಗ ಐತಿ" ಅನ್ನುವಳು. ಬದನೆಕಾಯಿ ಮೂಗು ಅನ್ನಿಸಿಕೊಂಡ ನಾನು ಸರ್ರನೆ ಚೀಲಗಳ ಸಂದಿಗೆ. ಆಕೆ ಕರೆಯುತ್ತಿರಲಿಲ್ಲ. ಯಾರಿಗೂ ಕರೆಯಗೊಡುತ್ತಿರಲಿಲ್ಲ. ಮೊದಲ ದಿನ ದೀಪ ಹಚ್ಚುವ ಹೊತ್ತಿನವರೆಗೆ ಕೂತೆ. ಹೊಟ್ಟೆ ಚುರುಗುಟ್ಟಿತು, ಇಲಿ ಕಾಲ ಮೇಲೆ ಹಾದುಹೋಯಿತು, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂತು. ಅವ್ವನಿಗೆ ನಾನು ಬೇಡವಾಗಿದ್ದೇನೆ ಎಂದುಕೊಂಡು ಬಿಕ್ಕಿಬಿಕ್ಕಿ ಅತ್ತೆ. ಆ ಹೊತ್ತಿಗೆ ಅವ್ವ ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿದುಕೊಂಡು, ತುಟಿ ಕಚ್ಚಿ ಕೂತಿದ್ದಳಂತೆ. ಅಕ್ಕ ಇದನ್ನು ಬಹಳ ವರ್ಷಗಳ ಮೇಲೆ ಹೇಳಿದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನೇ ಎದ್ದು ಬಂದು ಗೆರೆಯ ಮುಂದೆ ನಿಂತೆ. "ಹಸಿವ್ಯಾಗೇತಿ" ಎಂದೆ.

"ಇಷ್ಟ ಅಂದ್ರ ಸಾಕು ನೋಡವಾ" ಎಂದಳು ಅವ್ವ. "ಯಾರ ಮುಂದ ಬೇಕಾದ್ರೂ ಇಷ್ಟ ಅನ್ನಾಕ ಕಲಿ. ನಿನ್ನ ರಮಿಸಾಕ ಇನ್ನ ಯಾರೂ ಬರೂದಿಲ್ಲ. ಸಿಟ್ಟು ಮಾಡಿ ಹೋದಾಕಿ ನೀನ ಹೊಳ್ಳಿ ಬರಬೇಕು."

ಆಕೆ ಯಾಕೆ ಹಾಗೆ ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಅಕ್ಕನಿಗೆ ತಿಳಿದಿತ್ತು. ಆಕೆ ಒಲೆಯ ಮುಂದೆ ಕೂತು ಹೊಗೆಯ ನೆವದಲ್ಲಿ ಅಳುತ್ತಿದ್ದಳು.

ಇನ್ನು ಮಲ್ಲು. ಅವನಿಗೆ ಗೆರೆ ಎಂದರೇನು ಗೊತ್ತು? "ಅವ್ವಾ" ಎಂದು ಎರಡೂ ಕೈ ಎತ್ತಿಕೊಂಡು, ದಡಬಡ ಹೆಜ್ಜೆ ಹಾಕುತ್ತ ಗೆರೆ ದಾಟಿ ಮಂಚದ ಕಡೆ ಓಡುವನು. ನಾವು ಹಿಡಿದೆಳೆಯಬೇಕು, ಅವನು ಮನೆ ಹಾರಿಹೋಗುವಂತೆ ಚೀರಬೇಕು. ಅವನಿಗಾಗಿಯೇ ಅವ್ವ ಮುದ್ದೇಬಿಹಾಳದ ತವರಿಗೆ ಹೇಳಿಕಳಿಸಿ ತನ್ನ ತಂಗಿಯನ್ನು ಕರೆಸಿದ್ದಳು.

ಚಿಗವ್ವ ಸಣ್ಣದೊಂದು ಟ್ರಂಕು ಹಿಡಿದುಕೊಂಡು ಬಂದಳು. ಆಕೆಗೆ ಆಗ ಹದಿನಾರು. ಹೆಸರು ನೀಲವ್ವ. ಆ ವರ್ಷ ಮುಲ್ಕಿ ಪರೀಕ್ಷೆಗೆ ಕೂಡುವವಳಿದ್ದಳು. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾಗಬಹುದು ಎಂಬುದು ಆಕೆಯ ಆಸೆ. ಟ್ರಂಕಿನಲ್ಲಿ ಎರಡು ಸೀರೆ, ಉಳಿದದ್ದೆಲ್ಲ ಪುಸ್ತಕ. ಒಂದು ವಾರದ ಮಟ್ಟಿಗೆ ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದೇನೆ ಎಂದು ಆಕೆ ತಿಳಿದಿದ್ದಳು. ನಮ್ಮ ಕಡೆ ಅಕ್ಕ ತೀರಿಕೊಂಡರೆ ತಂಗಿಯನ್ನು ಅದೇ ಮನೆಗೆ ಕೊಡುವ ರೂಢಿ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಅವ್ವ ಬಾಯಿಬಿಟ್ಟೇ ಹೇಳಿದಳು. ಆಕೆ ಬಂದ ದಿನವೇ ಸಂಜೆ, ದೀಪದ ಗಾಜು ಒರೆಸುತ್ತಿದ್ದಾಗ. ನಾನು ಚೀಲಗಳ ಸಂದಿಯಲ್ಲಿದ್ದೆ, ಎಲ್ಲ ಕೇಳಿಸಿತು, ಅರ್ಥವಾದದ್ದು ಬಹಳ ಆಮೇಲೆ.

"ನೀಲಾ, ನಿನ್ನ ಕೇಳಲಾರದ ಕರಸೇನಿ. ನಾ ಮೀರಜಿಂದ ಹೊಳ್ಳಿ ಬರೂದಿಲ್ಲ ಅಂತ ನನಗ ಅನ್ಸೇತಿ."

"ಹಂಗ್ಯಾಕ ಅಂತಿ ಅಕ್ಕಾ?"

"ಬಂದ್ರ ಛಲೋ ಆತು. ಬರದಿದ್ರ ಇವಕ್ಕ ನೀನ."

ಚಿಗವ್ವ ಬಹಳ ಹೊತ್ತು ಗಾಜು ಒರೆಸಿದಳು. ಆಮೇಲೆ ಕೇಳಿದಳು: "ನಾ ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಯಾರೋ ಒಬ್ಬಾಕಿ ಬರ್ತಾಳ. ಕೆಟ್ಟಾಕಿನ ಇರ್ತಾಳಂತ ಅಲ್ಲ. ಆದ್ರ ಆಕಿ ಕಣ್ಣಿಗೆ ಇವು ಇನ್ನೊಬ್ಬಾಕಿ ಮಕ್ಕಳು. ನಿನ್ನ ಕಣ್ಣಿಗೆ ಹಂಗ ಕಾಣೂದಿಲ್ಲ."

ಚಿಗವ್ವ ದೀಪ ಹಚ್ಚಿ ಗೂಡಿನಲ್ಲಿಟ್ಟು ಹೊರಗೆ ಹೋದಳು.

ಮರುದಿನದಿಂದ ಮಲ್ಲೂನ ಪಾಠ. ಅವನು "ಅವ್ವಾ" ಎಂದು ಮಂಚದ ಕಡೆ ಬಂದಾಗಲೆಲ್ಲ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಆ ಕಡೆಗೆ ಕೈ ತೋರಿಸುತ್ತಿದ್ದಳು. "ಅವ್ವ ಇಲ್ಲಿಲ್ಲ. ಅವ್ವ ಅಲ್ಲಿ ಅದಾಳ ನೋಡು, ಅಲ್ಲಿ." ಗೆರೆಯ ಈಚೆ ಚಿಗವ್ವ ಬೆಲ್ಲದ ಹರಳು ಹಿಡಿದು, "ಬಾರೋ ಮಲ್ಲೂ, ಅವ್ವ ಇಲ್ಲಿ ಅದೇನಿ" ಎಂದು ಕರೆಯಬೇಕು. ಮೊದಲೆರಡು ದಿನ ಆಕೆಗೆ ಆ ಮಾತು ಹೊರಡಲೇ ಇಲ್ಲ. "ಚಿಗವ್ವ ಅದೇನಿ" ಎನ್ನುವಳು. ಅವ್ವ ಬೈದಳು. "ಅವ್ವ ಅನ್ನು. ನಾಚಿಕಿ ಬಿಟ್ಟು ಅನ್ನು."

ಹಾಲು ತಂದ ಪಕ್ಕದ ಮನೆಯ ಹುಸೇನಬಿ ಇದನ್ನು ನೋಡಿ ಬಾಗಿಲಲ್ಲೇ ನಿಂತಳು. "ಯವ್ವಾ, ಕಲ್ಲ ಮನಸ ಮಾಡೀದಿ. ಕೂಸಿನ ಬಾಯಾಗಿಂದ ಅವ್ವ ಅನ್ನೂದನ್ನ ಕಸೀತಿ?"

"ಕಸಿಯಾಕತ್ತಿಲ್ಲ ಬೂಬವ್ವ" ಎಂದಳು ಅವ್ವ. "ಆಕಡೆಯಿಂದ ಈಕಡೆ ಇಡಾಕತ್ತೇನಿ."

ನಮಗೆ ಮೂವರಿಗೆ ಆಕೆ ಬೇರೆ ಅಪ್ಪಣೆ ಕೊಟ್ಟಳು. "ನೀವು ಆಕಿಗೆ ಚಿಗವ್ವ ಅಂತನ ಅನ್ರಿ. ನಿಮಗ ನಾ ನೆನಪಿರ್ತೇನಿ. ಮಲ್ಲೂಗ ಇರೂದಿಲ್ಲ. ಅವಂಗ ಒಬ್ಬಾಕಿನ ಅವ್ವ ಇರ್ಲಿ, ಪೂರಾ ಇರ್ಲಿ. ಅರ್ಧಾ ಮರ್ಧಾ ಬ್ಯಾಡ."

ವಾರದ ಕಡೆಯ ದಿನ ಮಧ್ಯಾಹ್ನ. ಮರುದಿನ ಬೆಳಿಗ್ಗೆ ಮೀರಜಿಗೆ ಮೋಟಾರು. ಅಪ್ಪ ಹಾಸಿಗೆ ಸುತ್ತುತ್ತಿದ್ದ. ಚಿಗವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಮಲ್ಲು ಅಂಗಳದಿಂದ ಪಡಸಾಲೆಯ ಕಟ್ಟೆ ಹತ್ತಲು ಹೋಗಿ ಮುಗ್ಗರಿಸಿ ಬಿದ್ದ. ಕೆಳತುಟಿ ಒಡೆದು ರಕ್ತ ಬಂತು. ಒಂದು ಕ್ಷಣ ಸಪ್ಪಳವಿಲ್ಲ, ಆಮೇಲೆ ಚೀರಾಟ. ಅವ್ವ ಎಲ್ಲ ಮರೆತಳು. ಮಂಚದಿಂದ ಅರ್ಧ ಎದ್ದು, "ಮಲ್ಲೂ!" ಎಂದು ಎರಡೂ ಕೈ ಚಾಚಿದಳು. ಚಿಗವ್ವ ಮೊರ ಹಿಡಿದುಕೊಂಡು ಇದ್ದಲ್ಲೇ ಇದ್ದಳು. ಕರೆಯಲಿಲ್ಲ. ಈಗ ಅನಿಸುತ್ತದೆ, ಆಕೆ ಬೇಕೆಂದೇ ಕರೆಯಲಿಲ್ಲ.

ಮಲ್ಲು ಎದ್ದು ನಿಂತ. ಮಂಚದ ಕಡೆ ನೋಡಿದ, ಹೊಸ್ತಿಲ ಕಡೆ ನೋಡಿದ. "ಅವ್ವಾ" ಎಂದು ಅಳುತ್ತ ಓಡಿಹೋಗಿ ಚಿಗವ್ವನ ತೊಡೆಯ ಮೇಲೆ ಬಿದ್ದ. ಮೊರದ ಕಾಳೆಲ್ಲ ಚೆಲ್ಲಿದವು. ಚಿಗವ್ವ ಅವನನ್ನು ಅಪ್ಪಿಕೊಂಡು ಅವ್ವನ ಕಡೆ ನೋಡಿದಳು. ಕದ್ದು ಸಿಕ್ಕಿಬಿದ್ದವರ ಹಾಗಿತ್ತು ಆಕೆಯ ಮುಖ.

ಅವ್ವನ ಕೈಗಳು ಚಾಚಿದ್ದು ಚಾಚಿದಂತೆಯೇ ಇದ್ದವು. ಆಮೇಲೆ ಆಕೆ ಆ ಎರಡು ಕೈಗಳನ್ನೇ ಕೂಡಿಸಿ ಚಪ್ಪಾಳೆ ತಟ್ಟಿದಳು. "ಪಾಸಾದ! ನೋಡ್ರಿ, ನನ್ನ ಮಗ ಪಾಸಾದ!" ಬಸೂ ಮತ್ತು ನಾನು ಕುಣಿದು ಚಪ್ಪಾಳೆ ತಟ್ಟಿದೆವು. ಅಕ್ಕ ತಟ್ಟಲಿಲ್ಲ. ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಆಕೆಯ ಬೆನ್ನು ಅಲುಗುತ್ತಿತ್ತು. ಕೆಮ್ಮು ಎಂದುಕೊಂಡೆ, ಆದರೆ ಕೆಮ್ಮಿನ ಸಪ್ಪಳ ಇರಲಿಲ್ಲ.

ಅವ್ವ ಮೀರಜಿಂದ ಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೋದಳು. ವರ್ಷ ತುಂಬುವುದರೊಳಗೆ ಮುದ್ದೇಬಿಹಾಳದಲ್ಲಿ ಓಲಗವಿಲ್ಲದೆ ಅಪ್ಪನ ಮತ್ತು ಚಿಗವ್ವನ ಮದುವೆ ಆಯಿತು. ಮುಲ್ಕಿ ಪರೀಕ್ಷೆಗೆ ಆಕೆ ಕೂಡಲೇ ಇಲ್ಲ. ಅವ್ವನ ಸಾಲೆಯಲ್ಲಿ ಕಲಿತವರು ನಾವು ನಾಲ್ವರು ಎಂದು ನಾನು ಬಹಳ ಕಾಲ ತಿಳಿದಿದ್ದೆ. ನನ್ನ ಮೊಮ್ಮಗಳಿಗೆ ಹದಿನಾರು ತುಂಬಿ, ಅವಳು ಮಂಚದ ಮೇಲೆ ಬಿದ್ದುಕೊಂಡು ಚಹಾಕ್ಕಾಗಿ ಕೂಗುವುದನ್ನು ಕಂಡ ದಿನ ಲೆಕ್ಕ ತಪ್ಪಿದ್ದು ತಿಳಿಯಿತು. ಐದು ಮಕ್ಕಳಿದ್ದರು ಆ ಸಾಲೆಯಲ್ಲಿ. ಎಲ್ಲರಿಗಿಂತ ದೊಡ್ಡ ಹುಡುಗಿಗೆ ಎಲ್ಲರಿಗಿಂತ ಕಠಿಣವಾದ ಪಾಠ ಬಂದಿತ್ತು. ಆಕೆ ಅದನ್ನು ಅರವತ್ತು ವರ್ಷಕ್ಕೂ ಮೇಲೆ ತಪ್ಪದೆ ಒಪ್ಪಿಸಿದಳು. ನನ್ನವ್ವನ ಮೇಲೆ ನನಗೆ ನಿಜವಾದ ಸಿಟ್ಟು ಬಂದದ್ದು ಆ ಒಂದು ಸಲ ಮಾತ್ರ, ಬಂದದ್ದು ಹೋಗುವುದೂ ತಡವಾಯಿತು.

ಈಗ ಅಪ್ಪ ಇಲ್ಲ, ಅಕ್ಕ ಇಲ್ಲ, ಬಸೂ ಇಲ್ಲ. ಹೋದ ಬೇಸಿಗೆಯಲ್ಲಿ ಚಿಗವ್ವನೂ ಹೋದಳು. ಮಲ್ಲು ಝಳಕಿಯ ಹತ್ತಿರ ನಿಂಬೆ ತೋಟ ಮಾಡಿಕೊಂಡಿದ್ದಾನೆ, ತಲೆಯ ಕೂದಲೆಲ್ಲ ಬೆಳ್ಳಗಾಗಿದೆ. ನಿನ್ನೆ ಒಂದು ಚೀಲ ನಿಂಬೆಹಣ್ಣು ತೆಗೆದುಕೊಂಡು ಬಂದಿದ್ದ. ಚಹಾ ಕುಡಿದ, ಮಳೆಯ ಮಾತಾಡಿದ. ಹೆತ್ತವಳು ಬೇರೆ ಎಂಬುದು ಅವನಿಗೆ ಗೊತ್ತಿರುವ ಸಂಗತಿಯೇ. ಆದರೆ ಚಿಗವ್ವ ಇರುವತನಕ ಒಮ್ಮೆಯೂ ಆ ಮಾತು ತೆಗೆದವನಲ್ಲ.

"ಅಕ್ಕಾ, ಆಕಿ ನನ್ನ ಹತ್ರ ಬರಗೊಡತಿದ್ದಿಲ್ಲಂತ. ಮಾರಿ ಮುಚ್ಚಿಕೊಂತಿದ್ಲಂತ. ಖರೆ ಏನ?"

ಯಾರು ಹೇಳಿದ್ದರೋ, ಎಷ್ಟು ವರ್ಷದಿಂದ ಇದನ್ನು ಹೊತ್ತುಕೊಂಡಿದ್ದನೋ. ನಾನು ಖರೆ ಎಂದೆ. ಆಮೇಲೆ ನಿಮಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ. ಗೆರೆ, ಬೆಲ್ಲದ ಹರಳು, ಒಡೆದ ತುಟಿ, ಚಪ್ಪಾಳೆ, ಏನೂ ಮುಚ್ಚಿಡಲಿಲ್ಲ. ಅವನು ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ ತನ್ನ ಅಂಗೈ ನೋಡಿಕೊಂಡ.

"ಅದಕ್ಕಿಂತ ಮೊದಲ ನಾ ಆಕಿಗೆ ಏನಂತಿದ್ದೆ?" ಎಂದು ಕೇಳಿದ.

"ಅವ್ವಾ ಅಂತಿದ್ದೆಪಾ" ಎಂದೆ. "ನಿನಗ ಬರ್ತಿದ್ದ ಮಾತು ಅದೊಂದ."