ಜೀಪಿನ ನಂಬರು ತಪ್ಪಾಗಿತ್ತು

ಎದುರುಮನೆ ದೊಡ್ಡಮ್ಮನ ಬಲಗೈ ಹೆಬ್ಬೆರಳು ಎಂದೋ ಮಚ್ಚಿನ ಏಟು ತಿಂದು, ತುದಿ ಸೀಳಿಕೊಂಡೇ ಮಾಗಿತ್ತು. ಬೈಯುವಾಗ ಆ ಬೆರಳೇ ಮುಂದೆ ಬರುತ್ತಿತ್ತು. ಹಾಸನದಲ್ಲಿ ಕಾನೂನು ಓದುತ್ತಿದ್ದ ನಾನು ರಜೆಗೆ ಹೊಳೆನರಸೀಪುರಕ್ಕೆ ಬಂದರೆ, "ಲಾಯ್ರಾಗೋನು ಇಂಗೆ ಒಣಿಕ್ಕಂಡಿದ್ರೆ ಯಾರ್ಲಾ ಎದರ್ತಾರೆ?" ಎನ್ನುತ್ತ ಇನ್ನೊಂದು ಮುದ್ದೆ ಇಡುತ್ತಿದ್ದಳು.

ತೊಂಬತ್ತರ ದಶಕದ ಒಂದು ಸಂಜೆ ಅವಳೂ ದೊಡ್ಡಪ್ಪನೂ ಅರಕಲಗೂಡು ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ಜೀಪೊಂದು ದೊಡ್ಡಪ್ಪನಿಗೆ ಗುದ್ದಿತು. ಓಡಿಸುತ್ತಿದ್ದವನು ತೆಂಗಿನಕಾಯಿ ವ್ಯಾಪಾರಿಯ ಮಗ. ಇಳಿದು ಬಂದು, ಬಿದ್ದವನನ್ನು ನೋಡಿ, ಬಂಪರು ನೆಗ್ಗಿದೆಯೇ ಎಂದು ಕೈಯಿಂದ ಸವರಿ, ಮತ್ತೆ ಹತ್ತಿ ಹೊರಟುಹೋದ. ದೊಡ್ಡಪ್ಪ ಅಲ್ಲೇ ಪ್ರಾಣ ಬಿಟ್ಟ.

ಮರುದಿನ ಪೊಲೀಸರು ಜೀಪು ಹಿಡಿದರು. ಆದರೆ ಅವನಿಗೆ ಕೊಟ್ಟ ನೋಟೀಸಿನಲ್ಲೂ ಎಫ್‌ಐಆರ್‌ನಲ್ಲೂ ಗಾಡಿ ನಂಬರಿನ ಎರಡು ಅಂಕಿ ಹಿಂದುಮುಂದಾಗಿದ್ದವು. ವ್ಯಾಪಾರಿ ರಾಜಿಗೆ ಬಂದ.

"ನಂಬರೇ ತಪ್ಪಯ್ತೆ ಕಣಕ್ಕ. ಕೇಸು ನಿಲ್ಲಕಿಲ್ಲ."

"ನಿಲ್ಲದೆ ಇದ್ರೆ ನನ್ ಬಾಗ್ಲಿಗೆ ಯಾಕ್ ಬಂದೆ?" ಎಂದಳು ದೊಡ್ಡಮ್ಮ.

ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಬರಿಯೋದ್ರಲ್ಲಿ ತಪ್ಪಾದ್ರೆ ಸತ್ತೋನು ಎದ್ದು ಬತ್ತಾನೇನ್ಲಾ?" ಎಂದು ಕೇಳಿದಳು.

ವಾಯಿದೆಯ ಮೇಲೆ ವಾಯಿದೆ ಬಿದ್ದು ವರ್ಷಗಳು ಕಳೆದವು. ಅವಳು ಒಂದನ್ನೂ ತಪ್ಪಿಸಲಿಲ್ಲ. ಕೇಸು ಎಳೆಯುತ್ತಿದೆ ಎಂದು ನಾನು ಗೊಣಗಿದರೆ, "ಎಳೀಲಿ ಬುಡು. ಅವ್ನು ಕೈಕಟ್ಕಂಡು ನಿಂತಿರ್ಲಿ, ನಾನು ಕೂತ್ಕಂಡು ನೋಡ್ತೀನಿ" ಎನ್ನುತ್ತಿದ್ದಳು.

ಪಾಟೀಸವಾಲಿನ ದಿನ ಆರೋಪಿಯ ವಕೀಲರು ನೋಟೀಸನ್ನು ಎತ್ತಿ ಹಿಡಿದರು. "ಈ ನಂಬರಿನ ಜೀಪು ನಮ್ಮ ಕಕ್ಷಿದಾರರದಲ್ಲ. ನೀವು ನಂಬರು ನೋಡಿದ್ದಿರಾ?"

"ಇಲ್ಲ ಸಾ. ನನ್ ಗಂಡ ಬಿದ್ದಿರ್ವಾಗ ಬಂಪರು ಸವರ್ದೋನ ಮೊಕ ನೋಡ್ದೆ." ಸೀಳಿದ ಹೆಬ್ಬೆರಳು ಆರೋಪಿಯ ಕಟಕಟೆಯತ್ತ ಚಾಚಿತು. "ಅವ್ನೇ."

ನಂಬರಿನದು ಕೈತಪ್ಪು, ಹಿಡಿದ ಜೀಪೂ ಕಣ್ಣಾರೆ ಕಂಡ ಸಾಕ್ಷಿಯೂ ಒಂದಕ್ಕೊಂದು ತಾಳೆಯಾಗುತ್ತವೆ, ಬರವಣಿಗೆಯ ದೋಷದಿಂದ ಅಪರಾಧ ಅಳಿಸಿಹೋಗದು ಎಂದಿತು ತೀರ್ಪು. ಒಂದು ವರ್ಷ ಜೈಲು. ಹಾಸನದ ಅಪೀಲಿನಲ್ಲೂ ಅದೇ ಉಳಿಯಿತು. ಅವನನ್ನು ಕರೆದೊಯ್ದ ವ್ಯಾನು ಮರೆಯಾಗುವವರೆಗೂ ದೊಡ್ಡಮ್ಮ ಕೋರ್ಟಿನ ಗೇಟಿನಲ್ಲೇ ನಿಂತಿದ್ದಳು. ಆಮೇಲೆ, "ಈಗ ಅಸಿವಾಯ್ತೈತೆ ಕಣ್ಲಾ" ಎಂದು ಹೋಟೆಲಿಗೆ ನಡೆದು ಎರಡು ಮಸಾಲೆದೋಸೆ ತಿಂದಳು.

"ಈಗ ಮನಸ್ಸು ತಣ್ಣಗಾಯ್ತಾ ದೊಡ್ಡಮ್ಮ?" ಎಂದೆ.

"ತಣ್ಣಗಾಗ್ಲಿ ಅಂತ ನಾನು ಮಾಡ್ಲಿಲ್ಲ."

ಕೆಲವು ವರ್ಷಗಳ ಮೇಲೆ ಅವಳು ತೀರಿಕೊಂಡಳು. ಆಗ ನಾನು ಅವಳ ಕೇಸು ನಡೆದ ಕೋರ್ಟಿನಲ್ಲೇ ವಕೀಲ. ಹೆಣ ಎತ್ತುವ ಹೊತ್ತಿಗೆ ವ್ಯಾಪಾರಿಯ ಮಗ ಹಾರ ಹಿಡಿದು ಬಂದು ಅಂಗಳದಲ್ಲಿ ತಲೆ ಬಗ್ಗಿಸಿ ನಿಂತ. ಕೂದಲು ನೆರೆತಿತ್ತು. ಜನ ನನ್ನ ಮುಖ ನೋಡಿದರು. ಕಾನೂನನ್ನು ಯಾರ್ಯಾರಿಂದಲೋ ಕಲಿತೆ. ಕ್ಷಮಿಸದಿರುವುದನ್ನು ಮಾತ್ರ ಅವಳೊಬ್ಬಳಿಂದಲೇ. "ತಗೊಂಡು ಹೋಗಿ" ಎಂದು ಹಾರವನ್ನು ಅವನ ಕಡೆಗೇ ತಳ್ಳಿ, ಚಟ್ಟಕ್ಕೆ ಹೆಗಲು ಕೊಟ್ಟೆ.