ಕಿವಿ ಚುಚ್ಚುವ ಆಚಾರ್ರು ಮತ್ತು ನನ್ನ ನರ್ಸಿಂಗ್ ಪ್ರವೇಶದ ಬಗ್ಗೆ

ಆಚಾರ್ರ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಇದ್ದವು. ಕಿವಿ ಚುಚ್ಚುವಾಗ ಅವರು ಮಗುವಿನ ಕಿವಿಯ ಹಿಂದೆ ಬೆಂಡನ್ನಾಗಲೀ ಬಟ್ಟೆಯನ್ನಾಗಲೀ ಇಡುತ್ತಿರಲಿಲ್ಲ. ತಮ್ಮ ಹೆಬ್ಬೆರಳನ್ನೇ ಇಡುತ್ತಿದ್ದರು. ಸೂಜಿ ಕಿವಿಯನ್ನು ದಾಟಿ ಬಂದು ಬೆರಳಿಗೆ ತಾಗಿದಾಗ ಕೆಲಸ ಮುಗಿಯಿತೆಂದು ಅವರಿಗೆ ತಿಳಿಯುತ್ತಿತ್ತು.

ಈ ಸಂಬಂಧ ಓದುಗರಲ್ಲಿ ಮೊದಲೇ ವಿನಂತಿಸಿಕೊಳ್ಳುವುದೇನೆಂದರೆ, ನಾನು ಇದುವರೆಗೆ ರಜೆ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಮತ್ತು ಹಾಸ್ಟೆಲ್ ಅರ್ಜಿಗಳನ್ನು ಹೊರತುಪಡಿಸಿ ಬೇರೇನನ್ನೂ ಬರೆದವಳಲ್ಲ. ಒಬ್ಬ ವ್ಯಕ್ತಿಯ ಕುರಿತು ಹೇಗೆ ಬರೆಯಬೇಕೆಂಬುದು ನನಗೆ ತಿಳಿಯದು. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಆಚಾರ್ರ ಅಂಗಡಿ ಅಜ್ಜಂಪುರದಲ್ಲಿ ನಮ್ಮ ಬೀದಿಯಲ್ಲಿಯೇ, ನಮ್ಮ ತಂದೆಯವರ ಪಂಕ್ಚರ್ ಅಂಗಡಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿತ್ತು. ಒಡವೆ ಕೆಲಸ ಕಡಿಮೆಯಾಗಿ ಬಹಳ ಕಾಲವಾಗಿತ್ತು. ಆದರೆ ಕಿವಿ ಚುಚ್ಚಿಸಲು ಮಾತ್ರ ಲಿಂಗದಹಳ್ಳಿ, ದೇವನೂರುಗಳಿಂದಲೂ ಜನ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಬಂದವರನ್ನು ಅವರು ಸುಮ್ಮನೆ ಕಳುಹಿಸಿದ್ದನ್ನು ನಾನು ನೋಡಿಲ್ಲ. ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಯಾವ ಪಕ್ಕಕ್ಕೆ ಮಲಗುತ್ತದೆ, ಯಾರನ್ನು ಕಂಡರೆ ಅಳುತ್ತದೆ ಎಂದೆಲ್ಲ ವಿಚಾರಿಸುತ್ತಿದ್ದರು. ಉತ್ತರ ಸಿಕ್ಕಿದೊಡನೆ "ಯಾಕೆ?" ಎನ್ನುತ್ತಿದ್ದರು. ಆ "ಯಾಕೆ"ಗೆ ತಾಯಂದಿರು ನಗುತ್ತಿದ್ದರು.

ಕಡೂರಿನ ಒಡವೆ ಅಂಗಡಿಯೊಂದಕ್ಕೆ ಕಿವಿ ಚುಚ್ಚುವ ಗನ್ ಬಂದಿದೆಯೆಂದು ಕೇಳಿದಾಗ ಅವರು ಬೇಸರಪಡಲಿಲ್ಲ. ಮರುದಿನವೇ ಬಸ್ಸು ಹತ್ತಿ ಹೋದರು. ಅಲ್ಲಿನ ಹುಡುಗನಿಗೆ "ನನ್ ಕಿವಿಗೇ ಒಂದ್ ಹೊಡಿಯಪ್ಪಾ, ನೋಡಾಣ" ಎಂದು ಹೇಳಿ ಹೊಡೆಸಿಕೊಂಡು, ಬಲಗಿವಿಯ ಮೇಲ್ಭಾಗದಲ್ಲಿ ಹೊಳೆಯುವ ಹರಳಿನೊಂದಿಗೆ ಹಿಂದಿರುಗಿದರು. ಅವರ ಪತ್ನಿ ಬೀದಿಗೆಲ್ಲ ಕೇಳುವಂತೆ, "ನೋಡ್ರವ್ವಾ, ಈ ವಯಸ್ನಾಗೆ ಮದುಮಗ ಆಗಕ್ಕೆ ಹೊಂಟವ್ರೆ" ಎಂದು ಹಂಗಿಸಿದರು.

"ನೀ ಸುಮ್ಕಿರೇ. ಚೆನ್ನಾಗೇ ಐತೆ ಅದು," ಎಂದರು ಆಚಾರ್ರು. "ಆದ್ರೆ ಸದ್ದು ಜಾಸ್ತಿ. ಮಗು ಚುಚ್ಚಿದ್ದಕ್ಕಲ್ಲ, ಸದ್ದಿಗೇ ಬೆಚ್ಚಿಬೀಳ್ತದೆ."

ಆ ಹರಳನ್ನು ಅವರು ಹುಣ್ಣು ಮಾಯುವವರೆಗೂ ತೆಗೆಯಲಿಲ್ಲ. ದಿನವೂ ಕನ್ನಡಿ ಹಿಡಿದು ಪರೀಕ್ಷಿಸುತ್ತಿದ್ದರು. ಕೇಳಿದವರಿಗೆ, ಕೆಳಗಿನ ಮೆತ್ತನೆಯ ಜಾಗಕ್ಕಿಂತ ಮೇಲಿನ ಗಟ್ಟಿ ಜಾಗ ಮಾಯಲು ಯಾಕೆ ತಡವೆಂಬುದೇ ತಮಗೆ ತಿಳಿಯುತ್ತಿಲ್ಲ ಎನ್ನುತ್ತಿದ್ದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಪಿಯುಸಿ ವಿಜ್ಞಾನದಲ್ಲಿ ತೇರ್ಗಡೆಯಾದ ನಂತರ ನಾನು ಬಿ.ಎಸ್ಸಿ. ನರ್ಸಿಂಗ್ ಕೋರ್ಸಿಗೆ ಅರ್ಜಿ ಸಲ್ಲಿಸಿದ್ದೆನು. ತರೀಕೆರೆಯ ಸೈಬರ್ ಸೆಂಟರಿನಲ್ಲಿ ಕುಳಿತು ಕಾಲೇಜುಗಳ ಆಯ್ಕೆಯನ್ನೂ ನಮೂದಿಸಿದ್ದೆನು. ಸರ್ಕಾರಿ ಕಾಲೇಜೊಂದರಲ್ಲಿ ಸೀಟು ಹಂಚಿಕೆಯಾಯಿತು. ಹಾಜರಾಗಲು ಸೋಮವಾರ ಕಡೆಯ ದಿನವಾಗಿತ್ತು. ಮನೆಯವರೆಲ್ಲರೂ ಸಂತೋಷಪಟ್ಟರು.

ಅಷ್ಟರಲ್ಲಿ ಯಗಟಿಗೆ ಕೊಟ್ಟಿದ್ದ ನಮ್ಮ ಅಕ್ಕ ತನ್ನ ಮಗುವಿನೊಂದಿಗೆ ಬಂದಳು. ಲಸಿಕೆ ಹಾಕಿಸುವಾಗ ಮಗುವನ್ನು ನಾನು ಹಿಡಿದುಕೊಂಡಿದ್ದೆನು. ಸೂಜಿ ಕಂಡೊಡನೆ ನನ್ನ ಕೈಕಾಲುಗಳು ನಡುಗಿ, ಕಣ್ಣು ಕತ್ತಲೆಗಟ್ಟಿ, ಮಗುವನ್ನು ಅಕ್ಕನಿಗೆ ಕೊಟ್ಟು ಗೋಡೆ ಹಿಡಿದು ಕುಳಿತುಬಿಟ್ಟೆನು. ಇನ್ನೊಬ್ಬರ ಮೈಗೆ ಸೂಜಿ ಚುಚ್ಚುವುದು ನನ್ನಿಂದ ಸಾಧ್ಯವಿಲ್ಲವೆಂದು ಅಂದೇ ತೀರ್ಮಾನಿಸಿದೆನು. ತಂದೆಯವರು ಬೈಯಲಿಲ್ಲ. "ಸೀಟ್ ಬಿಟ್ರೆ ಮತ್ತೆ ಸಿಗಾಕಿಲ್ಲ ಮಗಾ. ನೀನೇ ಯೋಚ್ನೆ ಮಾಡು" ಎಂದಷ್ಟೇ ಹೇಳಿ ಟ್ಯೂಬು ಉಜ್ಜುತ್ತ ಕುಳಿತರು.

ಆ ವಾರದಲ್ಲಿಯೇ ಮಗುವಿನ ಕಿವಿ ಚುಚ್ಚುವ ಶಾಸ್ತ್ರವಿತ್ತು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕೆಂಬುದು ಪದ್ಧತಿ. ನಮಗೆ ಅಣ್ಣತಮ್ಮಂದಿರಿಲ್ಲದ ಪ್ರಯುಕ್ತ ನಾನೇ ಕೂರಬೇಕಾಯಿತು.

ಆಚಾರ್ರು ಮಗುವಿನ ಕಡೆ ನೋಡಲಿಲ್ಲ. ನನ್ನ ಮೊಣಕಾಲಿನ ಕಡೆ ನೋಡಿದರು.

"ಏನವ್ವಾ ಇದು, ನಿನ್ ತೊಡೆ ಹಿಂಗೆ ನಡುಗಿದ್ರೆ ಮಗೂಗೆ ಭೂಮಿನೇ ಅಲ್ಲಾಡ್ದಂಗೆ ಆಗಾಕಿಲ್ವಾ? ನರ್ಸ್ ಆಗ್ತೀಯಂತೆ?"

"ಇಲ್ಲ ಆಚಾರ್ರೇ. ಬಿಟ್ಬಿಡ್ತೀನಿ."

"ಯಾಕೆ?"

ನಾನು ಹೇಳತೊಡಗಿದೆನು. ಸೂಜಿಯ ವಿಷಯ, ನೋವಿನ ವಿಷಯ, ನಾನು ಚುಚ್ಚಿ ಯಾರಿಗಾದರೂ ಏನಾದರೂ ಆದರೆ ಎಂಬ ವಿಷಯ. ಅವರು ಹೂಂಗುಟ್ಟುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಮಗುವಿನ ಎಡಗಿವಿಯಲ್ಲಿ ಚಿನ್ನದ ತಂತಿ ಕುಳಿತಿತ್ತು. ಮಗು ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ಬಲಗಿವಿಗೆ ಮಾತ್ರ ಕಿರುಚಿ ಅತ್ತಿತು.

"ನೋಡ್ದಾ?" ಎಂದರು ಆಚಾರ್ರು. "ಮಾವಂದಿರ್ನ ಮಾತಿಗೆಳೆದ್ರೆ ಮಕ್ಳು ಸುಮ್ನಿರ್ತವೆ. ಇದು ನಂಗೆ ಗೊತ್ತು. ಆದ್ರೆ ಎರಡ್ನೇ ಕಿವಿಗೆ ಯಾವಾಗ್ಲೂ ಜಾಸ್ತಿ ಅಳ್ತಾವೆ. ಅದೇ ಸೂಜಿ, ಅದೇ ಕೈ. ಯಾಕೆ? ಬುದ್ಧಿ ಬಂದಾಗಿಂದ ಕೇಳ್ತಾ ಇವ್ನಿ, ಯಾರೂ ಹೇಳ್ನಿಲ್ಲ. ನಿಮ್ ಕಾಲೇಜಲ್ಲಿ ಹೇಳ್ಕೊಡ್ತಾರಾ?"

"ಗೊತ್ತಿಲ್ಲ ಆಚಾರ್ರೇ."

"ಹಂಗಾರೆ ಹೋಗಿ ತಿಳ್ಕೊಂಡ್ ಬಂದು ನಂಗೆ ಹೇಳು. ಆಮೇಲೆ ಬ್ಯಾಡ ಅನ್ಸಿದ್ರೆ ಬಿಟ್ಬಿಡು. ನಿನ್ನ ಯಾರ್ ಕಟ್ಟಾಕ್ಕೊಂಡವ್ರೆ?"

ಧೈರ್ಯ ಬಂದು ನಾನು ಕಾಲೇಜಿಗೆ ಸೇರಿದೆನೆಂದು ಬರೆದರೆ ಅದು ಸುಳ್ಳಾದೀತು. ಆಚಾರ್ರು ನನ್ನನ್ನು ಒಂದು ಕೆಲಸದ ಮೇಲೆ ಕಳುಹಿಸಿದ್ದಾರೆ, ಅದನ್ನು ಮುಗಿಸಿ ಹಿಂದಿರುಗಬಹುದು ಎಂದು ಮನಸ್ಸಿಗೆ ಹೇಳಿಕೊಂಡು ಸೋಮವಾರ ಹಾಜರಾದೆನು.

ಮೊದಲ ರಜೆಯಲ್ಲಿ ಉತ್ತರ ತಂದೆನು. ನೋವು ಬರುತ್ತದೆಂದು ಮೊದಲೇ ಗೊತ್ತಾದರೆ ಮಿದುಳು ಅದನ್ನು ಹೆಚ್ಚು ಮಾಡಿ ತಿಳಿಸುತ್ತದೆಯೆಂದು ವಿವರಿಸಿದಾಗ ಅವರು ಊದುಗೊಳವೆಯನ್ನು ಕೆಳಗಿಟ್ಟರು.

"ಅಂದ್ರೆ ನೋವು ಕಿವಿಯಾಗೇ ಇಲ್ವಾ?"

"ಕಿವಿಯಲ್ಲೂ ಇದೆ, ತಲೆಯಲ್ಲೂ ಇದೆ."

"ಅಯ್ಯೋ ಶಿವನೇ! ನಾನು ಇಷ್ಟ್ ದಿನ ಬರೀ ಕಿವಿ ನೋಡ್ಕೊಂಡ್ ಕೂತಿದ್ನಲ್ಲೋ!" ಎಂದು ತೊಡೆ ತಟ್ಟಿ ನಕ್ಕರು. ಕೂಡಲೇ ಇನ್ನೊಂದು ಪ್ರಶ್ನೆಯನ್ನು ಕೊಟ್ಟರು. ಹೀಗೆ ಪ್ರತಿ ರಜೆಗೂ ಒಂದು ಪ್ರಶ್ನೆ ನನ್ನೊಂದಿಗೆ ಬಸ್ಸಿನಲ್ಲಿ ಬರುತ್ತಿತ್ತು. ಕಾಲೇಜು ಬಿಡುವ ಮಾತು ಹಿಂದೆ ಹಿಂದೆ ಸರಿಯಿತು.

ಅವರ ಹೆಬ್ಬೆರಳಿನ ವಿಷಯವನ್ನು ಪ್ರಸ್ತಾಪಿಸುವುದು ನನ್ನ ಕರ್ತವ್ಯವಾಗಿತ್ತು. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರಿಗೆ ತಾಗಬಾರದೆಂಬುದನ್ನು, ಯಾವ ಯಾವ ಕಾಯಿಲೆಗಳು ಹಾಗೆ ಹರಡುತ್ತವೆಂಬುದನ್ನು ಹೆದರುತ್ತಲೇ ಹೇಳಿದೆನು. ಕೋಪಿಸಿಕೊಳ್ಳಬಹುದೆಂದು ಭಾವಿಸಿದ್ದೆನು. ಅವರು ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂದಿನಿಂದ ಪ್ರತಿ ಮಗುವಿಗೂ ಹೊಸ ಸೂಜಿ, ಹೊಸ ಬೆಂಡಿನ ಚೂರು ಬಂದವು. "ಈಗ ಬೆರಳಿಗೆ ಸುದ್ದಿನೇ ಬರಾಕಿಲ್ಲ ಕಣವ್ವಾ" ಎಂದು ಒಮ್ಮೆ ಮಾತ್ರ ಹೇಳಿದ್ದುಂಟು.

ಎರಡನೇ ವರ್ಷ ನನ್ನನ್ನು ವಾರ್ಡಿಗೆ ಹಾಕಿದರು. ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತು, ಒಬ್ಬ ವೃದ್ಧೆಯ ಎಡತೋಳಿಗೆ ಇಂಜೆಕ್ಷನ್ ಕೊಡಲು ಸೂಚಿಸಿದರು. ಕೊಟ್ಟೆನು. ಸಿಸ್ಟರ್ "ಗುಡ್" ಎಂದರು. ಸಂಜೆ ಮನೆಗಿಂತ ಮೊದಲು ಆಚಾರ್ರಿಗೆ ಫೋನ್ ಮಾಡಿದೆನು.

"ಕೊಟ್ಬಿಟ್ಟೆ ಆಚಾರ್ರೇ! ಕೈ ನಡುಗ್ಲೇ ಇಲ್ಲ!"

"ಭೇಷ್! ಆಯಮ್ಮಂಗೆ ನೋಯ್ತಂತಾ?"

"ಸಿಸ್ಟರ್ ಗುಡ್ ಅಂದ್ರು ಆಚಾರ್ರೇ."

"ಕೇಳ್ನಿಲ್ವಾ?"

"ಇಲ್ಲ."

"ಕೇಳ್ಕೊಂಡ್ ಬಂದು ನಂಗೆ ಹೇಳು ಮಗಾ" ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಆ ವೃದ್ಧೆಯನ್ನು ಕೇಳಿದೆನು. ಅವರು ನನ್ನ ಮುಖವನ್ನೇ ನೋಡಿ, "ನೋಯ್ದೆ ಇರ್ತದಾ? ಮೊನ್ನೆ ಚುಚ್ಚಿದ್ ತಾವ್ಲೇ ಚುಚ್ಚಿದೆ. ಕೇಳಿದ್ರೆ ಆ ಕಡೆ ತೋಳ್ ಕೊಡ್ತಿದ್ನಲ್ಲ" ಎಂದರು. ಅಂದು ಕೇಳಿಯೇ ಬಲತೋಳಿಗೆ ಕೊಟ್ಟೆನು.

ಸಂಜೆ ಫೋನ್ ಮಾಡಿದಾಗ ಎತ್ತಿದವರು ಆಚಾರ್ರ ಸೊಸೆ. ಮಧ್ಯಾಹ್ನ ಊಟ ಮಾಡಿ ಅಂಗಡಿಯಲ್ಲಿಯೇ ಒರಗಿದ ಮಾವನವರು ಎಬ್ಬಿಸಿದರೆ ಏಳಲಿಲ್ಲವೆಂದು ಅತ್ತರು. ನಾನು ಊರಿಗೆ ಬರುವ ವೇಳೆಗೆ ಎಲ್ಲ ಮುಗಿದಿತ್ತು.

ಈಗ ನಾನು ಕೋರ್ಸಿನ ಕಡೆಯ ವರ್ಷದಲ್ಲಿದ್ದೇನೆ. ಅವರು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನನ್ನಿಂದ ಉತ್ತರ ಸಂದಾಯವಾಗದೆ ಉಳಿದಿದೆ. ಎಲ್ಲಿಗೆ ಕಳುಹಿಸಬೇಕೆಂದು ತಿಳಿಯದೆ ಇಲ್ಲಿಯೇ ಬರೆದು ಸಲ್ಲಿಸುತ್ತಿದ್ದೇನೆ.

ನೋಯ್ತಂತೆ ಆಚಾರ್ರೇ. ಮಾರ್ನೇ ದಿನ ಕೇಳಿ ಕೊಟ್ಟೆ. ಆವತ್ತು ಕಡ್ಮೆ ನೋಯ್ತಂತೆ.