ಬಾಲ ಮೂಡಿದ ಹಾಡು

ನಮ್ಮ ಚಳ್ಳಕೆರೆಯ ಅಡುಗೆಮನೆಯಲ್ಲಿ ಮುದ್ದೆ ತಿರುವುವ ಕೋಲು ಎರಡಿವೆ. ಒಂದು ನಮ್ಮ ಅವ್ವನದು, ಬುಡ ದಪ್ಪ. ಇನ್ನೊಂದು ಹೆಂಡತಿ ಓಬಮ್ಮ ಮೊಳಕಾಲ್ಮುರು ಕಡೆಯ ತವರಿನಿಂದ ತಂದದ್ದು, ತುದಿ ಚಪ್ಪಟೆ. ಹೆಸರೂ ಕೆಲಸವೂ ಒಂದೇ. ಆದರೂ ನಮ್ಮ ಕೋಲು ಅವಳ ಕೈಗೆ ಹೋದರೆ ಮುದ್ದೆ ಗಂಟುಗಂಟು, ಅವಳದ್ದು ನನ್ನ ಕೈಗೆ ಬಂದರೆ ಪಾತ್ರೆಯೇ ನೆಲಕ್ಕೆ. "ಒಂದನ್ನ ಒಲೆಗೆ ಹಾಕು" ಎಂದು ಎಷ್ಟೋ ಸಲ ಗೊಣಗಿದ್ದೇನೆ. ಒಂದು ಮನೆಗೆ ಒಂದು ಕೋಲು ಸಾಲದೇ, ನೀವೇ ಹೇಳಿ.

ಕಂಪ್ಯೂಟರ್ ಲೋಕದಲ್ಲೂ ಯೂನಿಕ್ಸ್ ಎಂಬ ಅಜ್ಜನ ವಂಶದವರೆಂದು ಹೇಳಿಕೊಳ್ಳುವ ದಾಯಾದಿಗಳದ್ದು ಇದೇ ಸಂಸಾರ. ಬರಹದ ಸಾಲುಗಳನ್ನು ಹುಡುಕಿ ತಿದ್ದುವ, ಅಳಿಸುವ 'ಸೆಡ್' ಎಂಬ ಆಜ್ಞೆ ಎಲ್ಲರ ಮನೆಯಲ್ಲೂ ಉಂಟು. ನನ್ನ ಕಂಪ್ಯೂಟರಿನಲ್ಲಿರುವ ದಾಯಾದಿ ಲಿನಕ್ಸಿನಲ್ಲಿ ಅದಕ್ಕೆ 'ಐ' ಎಂಬ ಅಕ್ಷರ ಸೇರಿಸಿದರೆ ಕಡತವನ್ನು ಮರುಮಾತಿಲ್ಲದೆ ಅಲ್ಲೇ ತಿದ್ದಿಬಿಡುತ್ತದೆ. ಇನ್ನೊಬ್ಬ ದಾಯಾದಿ ಮ್ಯಾಕಿನ ಸೆಡ್ ಮಹಾ ಸಂಪ್ರದಾಯಸ್ಥ. 'ಐ' ಆದಮೇಲೆ ಏನು ಬರೆದರೂ ಅದನ್ನು ತಿದ್ದುವ ಮುನ್ನ ಎತ್ತಿಡುವ ಹಳೆಯ ಪ್ರತಿಯ ಹೆಸರಿಗೆ ಅಂಟಿಸಬೇಕಾದ ಬಾಲವೆಂದೇ ತಿಳಿಯುತ್ತದೆ. ಯಾರದು ಸರಿ ಎಂಬ ಜಗಳವನ್ನು ಪಂಡಿತರು ಅಂತರ್ಜಾಲದಲ್ಲಿ ಆಸ್ತಿ ಪಾಲಿನ ಹುರುಪಿನಿಂದ ನಡೆಸುತ್ತಲೇ ಇದ್ದಾರೆ.

ಈ ಜಗಳ ನನ್ನ ತಲೆಗೆ ಸುತ್ತಿಕೊಂಡದ್ದು ಬಿ.ಜಿ. ಕೆರೆಯ ಅತ್ತೆಮನೆಯಲ್ಲಿ. ಅತ್ತೆ ಕುರಿ ಕಾಯುತ್ತಾ ಹಾಡಿಕೊಂಡು ಬಂದ ಹಾಡುಗಳನ್ನು ಓಬಮ್ಮ ಹಬ್ಬಕ್ಕೆ ಹೋದಾಗಲೆಲ್ಲ ಕೇಳಿ ಕೇಳಿ, ತಮ್ಮ ತಿಪ್ಪೇಶನ ಮ್ಯಾಕಿನಲ್ಲಿ ಟೈಪು ಮಾಡಿಟ್ಟಿದ್ದಳು. ಈಗ ಅತ್ತೆಯ ಗಂಟಲು ಕೈಕೊಟ್ಟಿದೆ, ಇನ್ನೊಮ್ಮೆ ಹಾಡಿಸುವಂತಿಲ್ಲ. ನುಡಿ ನುಡಿಯ ನಡುವೆ "ಹೋಯ್ ಕರಿಕಿವೀ, ಹೋಯ್" ಎಂದು ಕುರಿಗಳನ್ನು ಕೂಗಿದ ಸಾಲುಗಳೂ ಇದ್ದವು. ಅವು ಕಸವೆಂದು ತೀರ್ಪಿತ್ತವನು ನಾನು. ಸಾಹಿತ್ಯ ಎಂದಮೇಲೆ ಶುದ್ಧವಾಗಿರಬೇಡವೇ! 'ಹೋಯ್' ಇರುವ ಸಾಲನ್ನೆಲ್ಲ ಕಿತ್ತುಹಾಕೆಂದು ಸೆಡ್‌ಗೆ ಹೇಳಿದೆ. ಮ್ಯಾಕು ಅರ್ಥವಾಗದ ಭಾಷೆಯಲ್ಲಿ ಬೈಯಿತು. ಅಂತರ್ಜಾಲದ ಪಂಡಿತನೊಬ್ಬ 'ಐ' ಆದಮೇಲೆ ಅಡ್ಡಗೆರೆ ಹಾಕಿ 'ಇ' ಸೇರಿಸು ಎಂದ, ಸೇರಿಸಿದೆ. ಕೆಲಸವೇನೋ ಆಯಿತು, ಜೊತೆಗೆ ಪ್ರತಿ ಹಾಡಿನ ಪಕ್ಕದಲ್ಲೂ ಅಡ್ಡಗೆರೆ-ಇ ಎಂಬ ಬಾಲ ಹೊತ್ತ ಇನ್ನೊಂದು ಕಡತ ಹುಟ್ಟಿಕೊಂಡಿತು. "ಥೂ, ಈ ಬಾಲದವನ್ನೆಲ್ಲ ಅಳಿಸು ಲೇ ತಿಪ್ಪೇಶ" ಎಂದು ಹೇಳಿ, ಅತ್ತೆಯ ಮುಂದೆ ಕೂತು ಶುದ್ಧ ಸಾಹಿತ್ಯವನ್ನು ರಾಗವಾಗಿ ಓದಿದೆ.

ಅತ್ತೆ ಕಿವಿಗೊಟ್ಟು ಕೇಳಿದರು. "ಹಾಡೇನೋ ಐತೆ ಅಳಿಯಪ್ಪಾ, ಕುರಿ ಎಲ್ಲೋದ್ವು?" ಎಂದರು, ಗೊಗ್ಗರು ದನಿಯಲ್ಲಿ.

ನಾನು ನಕ್ಕೆ. ಅವರು ನಗಲಿಲ್ಲ. "ಕುರಿ ತಿರುಗಿದ ಮ್ಯಾಲೇ ನನ್ ಹಾಡು ತಿರುಗ್ತಿತ್ತು. ಕೂಗ್ದೆ ಮುಂದಿನ ನುಡಿ ಹೆಂಗೆ ಬಾಯಿಗೆ ಬರ್ತೈತೆ?"

ಓಬಮ್ಮನ ಮುಖ ಕಪ್ಪಿಟ್ಟಿತು. "ರೀ, ಆ ಸಾಲೆಲ್ಲ ತೆಗೆದ್ಬಿಟ್ರಾ? ಅವ್ವಂಗೆ ಇನ್ನೊಂದ್ಸಲ ಹಾಡಾಕೆ ಆಗ್ತೈತಾ?"

ಕೂಗು ಎಲ್ಲೆಲ್ಲಿ ಬರುತ್ತಿತ್ತೆಂದು ಯಾರಿಗೆ ನೆನಪಿದೆ? ಉಳಿದಿದ್ದರೆ ಆ ದರಿದ್ರ ಬಾಲದ ಕಡತಗಳಲ್ಲೇ ಉಳಿದಿರಬೇಕು, ಅವನ್ನೂ ಅಳಿಸಲು ನಾನೇ ಹೇಳಿ ಬಂದಿದ್ದೆ. ಒಳಕ್ಕೆ ಓಡಿದೆ. ತಿಪ್ಪೇಶ ಮಂಚದ ಮೇಲೆ ಮೊಬೈಲು ನೋಡುತ್ತಾ ಬಿದ್ದುಕೊಂಡಿದ್ದ.

"ಅಳಿಸಿದೆಯೇನಲೇ?"

"ಉಂಡ್ ಮ್ಯಾಲೆ ಅಳಿಸ್ತೀನಿ ತಗಳ್ರಿ ಭಾವ, ಏನವಸರ?"

ಸೋಮಾರಿತನಕ್ಕೆ ಕೈಮುಗಿದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಬಾಲದ ಕಡತವನ್ನು ಓಬಮ್ಮನೇ ಓದಿದಳು. ಕೂಗಿನ ಸಾಲು ಬಂದಾಗ ಅತ್ತೆಯ ಕೈ ತಾನಾಗಿ ಮೇಲೆದ್ದು, ಇಲ್ಲದ ಕೋಲನ್ನು ಗಾಳಿಯಲ್ಲಿ ಬೀಸಿತು. "ಹೋಯ್" ಎಂದಿತು ಒಡೆದ ಗಂಟಲು. "ಈಗ ಬಂದ್ವು ನೋಡು."

ಆ ದಿನ ಮನೆಗೆ ಮರಳಿ ಮುದ್ದೆ ಉಂಡಾದ ಮೇಲೆ, ಯಾರೂ ಹೇಳದಿದ್ದರೂ ಎರಡೂ ಕೋಲುಗಳನ್ನು ತೊಳೆದು ಒರೆಸಿಟ್ಟೆ. ಓಬಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಯಾಕ್ರೀ, ಒಂದನ್ನ ಒಲೆಗೆ ಹಾಕಲ್ವಾ?"

"ಗ್ಯಾಸಿನ ಒಲೆಗೆ ಕೋಲು ಹಾಕಾಕಾಗಲ್ಲ ಬಿಡು" ಎಂದೆ.